ನಮ್ಮ ಮನೆಯ ಜರ್ಮನಿ ನಾಯಿ

ನಮ್ಮ ನಾಯಿಯ ಅಪ್ಪ ಜರ್ಮನಿಯಲ್ಲಿ ಪೊಲೀಸ್ ಕೆಲಸದಲ್ಲಿದ್ದ ಎಂದು ಊರಿಗೆಲ್ಲ ಹೇಳಿದವನು ನಾನು. ಅದರ ಅಮ್ಮ ಹೊಳೆನರಸೀಪುರದ ಕೋಳಿ ಅಂಗಡಿಯೊಂದರ ಮುಂದೆ ಇಡೀ ದಿನ ಬಿದ್ದುಕೊಂಡಿರುತ್ತಾಳೆ ಎಂಬುದು ಗೊತ್ತಿದ್ದವನೂ ನಾನೇ. ಮರಿಯನ್ನು ಕಾಲೇಜು ಬ್ಯಾಗಿನಲ್ಲಿ ಹಾಕಿಕೊಂಡು ಹಳ್ಳಿಮೈಸೂರು ಬಸ್ಸು ಹತ್ತಿದವನು ಬೇರೆ ಯಾರಿರಲು ಸಾಧ್ಯ? ಮೈಯೆಲ್ಲ ಕಪ್ಪು, ಹುಬ್ಬಿನ ಜಾಗದಲ್ಲಿ ಎರಡು ಕಂದು ಚುಕ್ಕೆ. ಸ್ವಲ್ಪ ದೂರದಿಂದ, ಸ್ವಲ್ಪ ಕಣ್ಣು ಕಿರಿದು ಮಾಡಿ, ಸ್ವಲ್ಪ ನನ್ನ ಮಾತು ನಂಬಿ ನೋಡಿದರೆ ರಾಟ್‌ವೀಲರ್. ನನಗೆ ಅಷ್ಟು ಸಾಕಿತ್ತು.

ವಾರದೊಳಗೆ ಬೋರ್ಡು ಬರೆಸಿದೆ: 'ಅಪಾಯ! ರಾಟ್‌ವೀಲರ್ ಇದೆ. ನಿಮ್ಮ ಜೀವಕ್ಕೆ ನೀವೇ ಹೊಣೆ.' ನಮ್ಮ ಮನೆಗೆ ಗೇಟೇ ಇರಲಿಲ್ಲ. ಬೋರ್ಡು ನೇತುಹಾಕಲೆಂದೇ ಎರಡು ಕಲ್ಲುಕಂಬ ನೆಟ್ಟೆ. ರೀಲ್ಸ್ ಮಾಡಬೇಕಲ್ಲ, ಅದಕ್ಕೆ ಬಿಸ್ಕತ್ತು ತೋರಿಸಿ ತೋರಿಸಿ ಹಲ್ಲು ಬಿಟ್ಟು ಗುರ್ ಎನ್ನುವುದನ್ನು ಕಲಿಸಿದೆ. ಯಾರಾದರೂ ಕೈಯಲ್ಲಿ ಏನಾದರೂ ಹಿಡಿದು ಬಂದರೆ ಸಾಕು, ಗುರುಗುಟ್ಟುತ್ತಾ ಎದುರು ಓಡುತ್ತಿತ್ತು. ಅದು ಬಿಸ್ಕತ್ತು ಕೇಳುವ ರೀತಿ ಎಂಬುದು ನನಗೂ ಅದಕ್ಕೂ ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಡೈರಿ ಅಂಗಳದಲ್ಲಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿದ ದಿನ ನಾಯಿಗಳಿಗೂ ರೇಬೀಸ್ ಸೂಜಿ ಇತ್ತು. ಕರೆದುಕೊಂಡು ಹೋಗು ಎಂದಳು ಅವ್ವ. ಅಷ್ಟು ಜನರ ಮುಂದೆ ಡಾಕ್ಟರು ಇದರ ಕುಲಗೋತ್ರ ಹೇಳಿಬಿಟ್ಟರೆ ನನ್ನ ಗತಿ?

"ಫಾರಿನ್ ನಾಯಿಗೆ ಫಾರಿನ್ ಸೂಜಿನೇ ಆಗ್ಬೇಕು ಕಣವ್ವ. ಇಲ್ಲಿದು ಆಕ್ಸಿದ್ರೆ ಕೂದ್ಲೆಲ್ಲಾ ಉದ್ರೋಯ್ತದೆ" ಎಂದೆ. ಅವ್ವ ನಂಬಿದಳು. ನಾನು ಹೇಳುವ ರೀತಿಯೇ ಹಾಗೆ, ನಂಬದಿರುವುದು ಕಷ್ಟ.

ನಮ್ಮೂರ ಡೈರಿಯಲ್ಲಿ ಬೆಳಿಗ್ಗೆ ಕ್ಯಾನುಗಳೇ ಸಾಲಿನಲ್ಲಿ ನಿಲ್ಲುತ್ತವೆ, ಅವುಗಳ ಯಜಮಾನರು ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಒಂದು ದಿನ ಹಾಲು ಹಾಕಲು ಹೊರಟ ಅವ್ವನ ಹಿಂದೆಯೇ ನಾಯಿ ಹಗ್ಗವಿಲ್ಲದೆ ಹೋಯಿತು. ಪಕ್ಕದ ಮನೆಯ ದೊಡ್ಡಮ್ಮ ಕ್ಯಾನು ಹಿಡಿದು ಬರುತ್ತಿದ್ದರು. ಕೈಯಲ್ಲಿ ವಸ್ತು ಕಂಡಿತಲ್ಲ, ನಾಯಿ ತನ್ನ ಕಲೆ ತೋರಿಸಿತು. ದೊಡ್ಡಮ್ಮ ಓಡಿದರು, ಅದು ಸೆರಗು ಹಿಡಿಯಿತು, ಅವರು ಬಿದ್ದರು. ಹಾಲು ಚರಂಡಿಗೆ ಹರಿದ ರಭಸಕ್ಕೆ ಹೇಮಾವತಿ ಹೊಳೆಯೇ ಒಂದು ಗಳಿಗೆ ನಿಂತು ನೋಡಿರಬೇಕು. ಹಲ್ಲು ಮೈಗೆ ತಾಗಿರಲಿಲ್ಲ. ಆದರೆ ಮೊಣಕೈ ತರಚಿತ್ತು.

ನಾನು ಓಡಿ ಹೋಗುವಷ್ಟರಲ್ಲಿ ಡೈರಿ ಸೆಕ್ರೆಟರಿ ಫೋನು ಹಿಡಿದು ನಿಂತಿದ್ದರು. ಅಪಾಯಕಾರಿ ತಳಿಯ ನಾಯಿಗಳನ್ನು ಸಾಕಬಾರದು ಎಂಬ ಕೇಂದ್ರ ಸರ್ಕಾರದ ಸುತ್ತೋಲೆ ವಾಟ್ಸಪ್ ಗ್ರೂಪಿನಲ್ಲಿ ಬಂದಿತ್ತಂತೆ.

"ನೋಡ್ಲಾ, ರಾಟ್‌ವೀಲರ್ ಅಂತ ಬರ್ದೈತೆ. ಸರ್ಕಾರನೇ ಬ್ಯಾಡ ಅಂದ್ಮೇಕೆ ನಿಂದೇನ್ಲಾ?"

"ಅಣ್ಣೋ, ಇದು ಬೀದಿನಾಯಿ ಕಣಣ್ಣ!"

"ನಿನ್ನೆಗಂಟ ಜರ್ಮನಿದು, ಇವತ್ತು ಬೀದಿದಾ?"

ಕಟ್ಟೆಯ ಮೇಲಿದ್ದ ಒಬ್ಬ ತಾತ, "ಅದ್ರಪ್ಪ ಪೋಲೀಸು ಅಂದಿದ್ಯಲ್ಲೋ, ಕೆಲ್ಸದಿಂದ ತಗುದ್ಬುಟ್ರಾ?" ಎಂದರು. ಎಲ್ಲರೂ ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ.

"ನಗ್ಬ್ಯಾಡ್ರಪ್ಪ. ನಾಳೀಕೆ ಈ ದಾರೀಲಿ ನಾನೆಂಗೆ ಬರ್ಲಿ?"

ನಮ್ಮ ಕಡೆ ಬೇಡವಾದ ನಾಯಿಗೆ ಒಂದೇ ವ್ಯವಸ್ಥೆ. ಗೋಣಿಚೀಲದಲ್ಲಿ ತುಂಬಿ, ಬೈಕಿನಲ್ಲಿ ಒಯ್ದು, ವಾಸನೆ ಹಿಡಿದು ವಾಪಸ್ ಬರಲಾಗದಷ್ಟು ದೂರ ಬಿಡುವುದು. ಅರಕಲಗೂಡಿನ ಆಚೆ ಎಂದು ಜಾಗವೂ ಗೊತ್ತಾಯಿತು. ಚೀಲ ಕೊಡಲು ಮೂವರು ಮುಂದೆ ಬಂದರು. ಬೀದಿನಾಯಿ ಎನ್ನುವುದಾದರೆ ಸಂಜೆ ಹಾಲಿನ ಹೊತ್ತಿಗೆ ಡಾಕ್ಟರ ಹತ್ತಿರ ಬರೆಸಿಕೊಂಡು ಬಾ, ಇಲ್ಲದಿದ್ದರೆ ಚೀಲ ಎಂದರು ಸೆಕ್ರೆಟರಿ. ನಾಯಿ ನನ್ನ ಕಾಲಿನ ಮೇಲೆ ಕೂತು ಬಿಸ್ಕತ್ತಿಗೆ ಕಾಯುತ್ತಿತ್ತು.

ಅವ್ವನೂ ನಾನೂ ಅದನ್ನು ಆಟೋದಲ್ಲಿ ಹೋಬಳಿಯ ಪಶು ಆಸ್ಪತ್ರೆಗೆ ಕರೆದೊಯ್ದು, ಬೆಳಿಗ್ಗೆ ನಡೆದದ್ದು ಹೇಳಿದೆವು. ಡಾಕ್ಟರು ಚಕ್ಕುಲಿಯಂತೆ ಸುತ್ತಿಕೊಂಡ ಬಾಲ ನೋಡಿದರು, ಕಿವಿ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಇದು ರಾಟ್‌ವೀಲರ್ ಆದ್ರೆ ನಾನು ಜೆರ್ಸಿ ಹೋರಿ ಕಣಯ್ಯ."

ನನ್ನ ಬಾಳಿನಲ್ಲಿ ಅವಮಾನ ಅಷ್ಟು ಸಿಹಿಯಾಗಿ ಕೇಳಿಸಿದ್ದು ಅದೇ ಮೊದಲು.

"ಅಂಗೇ ಬರ್ಕೊಡಿ ಸಾ. ಬ್ಯಾನ್ ಆಗಿರೋದ್ರಲ್ಲಿ ಇದಿಲ್ಲ ಅಂತ."

"ಆ ಸುತ್ತೋಲೆನ ನಮ್ಮ ಹೈಕೋರ್ಟೇ ರದ್ದು ಮಾಡಿದೆ. ಆದ್ರೆ ಯಾವ ಜಾತಿ ನಾಯಿ ಕಚ್ಚಿದ್ರೂ ಕೇಸು ಬೀಳೋದು ಸಾಕಿದೋನ ಮೇಲೆ. ಇದು ಯಾಕೆ ಆಯಮ್ಮನ ಮೇಲೆ ಬಿತ್ತು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಅದೂ ಒಳ್ಳೆಯ ಸುಳ್ಳು. ಆದರೆ ಡಾಕ್ಟರ ಕೈಯಲ್ಲಿ ಪೆನ್ನಿತ್ತು.

"ನಾನೇ ಕಲ್ಸಿದ್ದು ಸಾ."

"ರೇಬೀಸ್ ಸೂಜಿ?"

ಅವ್ವ ನನ್ನ ಕಡೆ ತಿರುಗಿ, "ಅದೇನೋ ಫಾರಿನ್ನಿಂದ ಬರ್ಬೇಕು ಅಂದ ಸಾ" ಎಂದಳು.

"ಎಲ್ಲಾ ನಾಯಿಗೂ ಇದೇ ಸೂಜಿ ಕಣಮ್ಮ. ಸೂಜಿ ಆಗದೇ ಇರೋ ನಾಯೀನ ಜನರ ಮಧ್ಯೆ ಬಿಟ್ಟಿದ್ರಲ್ಲ!"

ಅವ್ವ ಅಲ್ಲೇ ನನ್ನ ತಲೆಗೊಂದು ಬಿಟ್ಟಳು. ಕಾಂಪೌಂಡರ್ ಸಹ ಎದ್ದು ನಿಂತರು ಎಂದರೆ ಪೆಟ್ಟಿನ ತೂಕ ಊಹಿಸಿಕೊಳ್ಳಿ. ನಾಯಿಗೆ ಸೂಜಿ ಬಿತ್ತು. ಕೂದಲು ಒಂದೂ ಉದುರಲಿಲ್ಲ.

ಸಂಜೆ ಡೈರಿ ಕಟ್ಟೆಯ ಮುಂದೆ ಡಾಕ್ಟರ ಚೀಟಿ ಓದಿದೆ: ನಾಟಿ ನಾಯಿ, ಗಂಡು, ಲಸಿಕೆ ಹಾಕಿದೆ, ಹೊರಗೆ ಬಂದಾಗ ಹಗ್ಗ ಕಡ್ಡಾಯ. ಆಮೇಲೆ ಚೀಟಿಯಲ್ಲಿ ಇಲ್ಲದ ಬಿಸ್ಕತ್ತಿನ ಕತೆಯನ್ನೂ ಹೇಳಿದೆ. ಈ ಸಲ ಒಂದಿಂಚೂ ಎಳೆಯಲಿಲ್ಲ. ಆದ್ದರಿಂದಲೋ ಏನೋ ಯಾರೂ ನಗಲೂ ಇಲ್ಲ.

ಸೆಕ್ರೆಟರಿ ದೊಡ್ಡಮ್ಮನ ಕಡೆ ನೋಡಿದರು. "ನೀನೇಳಕ್ಕ. ಬಿದ್ದೋಳು ನೀನು."

ದೊಡ್ಡಮ್ಮ ತರಚಿದ ಮೊಣಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ಅದುಕ್ಕೇನ್ ಗೊತ್ತು, ಇವ್ನು ಕಲ್ಸುದ್ನ ಮಾಡ್ತು" ಎಂದರು. "ಇರ್ಲಿ. ನಾನು ಡೈರಿಗೆ ಬರೋ ಒತ್ಗೆ ಇವ್ನು ಅಗ್ಗ ಇಡ್ಕೊಂಡು ದಾರೀಲಿ ನಿಂತಿರ್ಬೇಕು. ನಾನು ನೋಡ್ಬೇಕು."

ಮರುದಿನ ಬೆಳಿಗ್ಗೆ ಆರಕ್ಕೆ ನಿಂತೆ. ಪರೀಕ್ಷೆಗೂ ನಾನು ಅಷ್ಟು ಬೇಗ ಎದ್ದವನಲ್ಲ. ದೊಡ್ಡಮ್ಮ ಕ್ಯಾನು ಹಿಡಿದು ಬಂದು, ಹತ್ತು ಹೆಜ್ಜೆ ದೂರದಲ್ಲೇ ನಿಂತರು. ನಾಯಿಯ ಗಂಟಲಲ್ಲಿ ಸಣ್ಣಗೆ ಶುರುವಾಯಿತು. "ಶ್" ಎಂದೆ. ಕೂತಿತು.

"ಬಿಗಿಯಾಗಿ ಇಡ್ಕಂಡಿದ್ಯೇನ್ಲಾ?"

"ಇಡ್ಕಂಡಿವ್ನಿ ದೊಡ್ಡವ್ವ."

"ಎಲ್ಡೂ ಕೈಲಿ ಇಡ್ಕೊ."

ಎರಡೂ ಕೈಯಲ್ಲಿ ಹಿಡಿದೆ. ಅವರು ಬೇಲಿಗೆ ಮೈ ತಾಗಿಸಿಕೊಂಡು, ನಾಯಿಯ ಮೇಲಿನ ಕಣ್ಣು ತೆಗೆಯದೆ, ಒಂದು ತೊಟ್ಟು ಹಾಲೂ ಚೆಲ್ಲದೆ ದಾಟಿ ಹೋದರು.