ಲಿಂಕಿನಲ್ಲಿ ಕಳೆದುಹೋದ ಪ್ಲಸ್ ಚಿಹ್ನೆ

ನನ್ನ ರಕ್ತದ ಗುಂಪು ಬಿ ನೆಗೆಟಿವ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಮಾಡಿದ ತಪ್ಪು ಏಳು ವಾರ ನನ್ನ ಕಣ್ಣಿಗೆ ಬೀಳದೆ ಉಳಿದದ್ದಕ್ಕೆ ಅದೇ ಕಾರಣ.

ಗೋಕಾಕದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲೆ ನನ್ನದೊಂದು ಎರಡು ಕೋಣೆಯ ಕಚೇರಿ ಇದೆ. ಶಾಲೆಗಳಿಗೆ, ಬೀಜ ಗೊಬ್ಬರದ ಅಂಗಡಿಗಳಿಗೆ, ಮಂಗಲ ಕಾರ್ಯಾಲಯಗಳಿಗೆ ಅಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುತ್ತೇನೆ. ಮನೆ ಕೊಣ್ಣೂರಿನಲ್ಲಿ. ಬೆಳಗ್ಗೆ ಸ್ಕೂಟಿಯಲ್ಲಿ ಬಂದು ಸಂಜೆ ಹಿಂತಿರುಗುತ್ತೇನೆ. ಎರಡು ವರ್ಷದ ಹಿಂದೆ ಒಂದು ದಿನ ಮೂಡಲಗಿಯಿಂದ ಒಬ್ಬ ಹಿರಿಯರು ಮೆಟ್ಟಿಲು ಹತ್ತಿ ಬಂದರು. ಕೈಚೀಲದಿಂದ ಮೂರು ದಪ್ಪ ವಹಿಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ತಂಗಿ, ಇದನ್ನ ಎಲ್ಲಾರ ಫೋನಿನ್ಯಾಗ ಬರೂಹಂಗ ಮಾಡಾಕ ಆಗತೈತೇನು?"

ವಹಿ ತೆರೆದು ನೋಡಿದೆ. ಸಾಲುಸಾಲಾಗಿ ಹೆಸರು, ಊರು, ಫೋನ್ ಸಂಖ್ಯೆ, ರಕ್ತದ ಗುಂಪು. ಅವರು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವರು, ನಿವೃತ್ತರಾಗಿದ್ದರು. ಬೆರಳು ಚುಚ್ಚಿಸಿಕೊಳ್ಳಲು ಬಂದವರಿಗೆಲ್ಲ, ಯಾರಿಗಾದರೂ ಬೇಕಾದರೆ ರಕ್ತ ಕೊಡುತ್ತೀರಾ ಎಂದು ಕೇಳುವುದು ಅವರ ಅಭ್ಯಾಸವಾಗಿತ್ತಂತೆ. ಹೂಂ ಅಂದವರ ಹೆಸರು ವಹಿಗೆ ಸೇರುತ್ತಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರು ತಾಲೂಕಿನ ಜನ ಅದರಲ್ಲಿದ್ದರು. ಅವರನ್ನು ನಾನು ಅವತ್ತಿನಿಂದಲೇ ಕಾಕಾ ಎಂದು ಕರೆಯತೊಡಗಿದೆ. ಕಾಕಾ ಪುಟ ತಿರುವುತ್ತ, ಎಣಿಸುವಾಗ ಮಾತ್ರ ಮರಾಠಿಯಲ್ಲಿ ಎಣಿಸುತ್ತ, ಒಬ್ಬೊಬ್ಬರ ಬಗ್ಗೆಯೂ ಹೇಳಿದರು. ಇವರು ಈಗ ಪುಣೆಯಲ್ಲಿದ್ದಾರೆ, ಇವರಿಗೆ ಸಕ್ಕರೆ ಕಾಯಿಲೆ ಬಂದಿದೆ, ತೆಗೆದುಬಿಡು. ಇವರು ಹಿಡಕಲ್ ಡ್ಯಾಮಿನಲ್ಲಿ ಕೆಲಸಕ್ಕಿದ್ದಾರೆ, ಕರೆದರೆ ಬಂದೇ ಬರುತ್ತಾರೆ.

ಸೈಟ್ ಸಿದ್ಧವಾಗಲು ಒಂದು ತಿಂಗಳು ಹಿಡಿಯಿತು. ಒಪ್ಪಿಗೆ ಕೊಟ್ಟವರ ಹೆಸರು, ಊರು ಮಾತ್ರ ಕಾಣುತ್ತಿದ್ದವು. ತಾಲೂಕು ಮತ್ತು ಗುಂಪು ಆರಿಸಿದರೆ ಪಟ್ಟಿ ಬರುತ್ತಿತ್ತು, ಕರೆ ಕಾಕಾನ ಮೂಲಕ ಹೋಗುತ್ತಿತ್ತು. ಒಂದೂವರೆ ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಹಲವರು, ಈ ಪಟ್ಟಿಯನ್ನು ವಾಟ್ಸಾಪಿನಲ್ಲಿ ಕಳಿಸುವಂತಾದರೆ ಅನುಕೂಲ ಎಂದರು. ನಾನು ಪುಟದ ಕೆಳಗೆ ಒಂದು ಗುಂಡಿ ಸೇರಿಸಿದೆ. ಅದನ್ನು ಒತ್ತಿದರೆ ತಾಲೂಕು, ಗುಂಪು ಎರಡನ್ನೂ ಒಳಗೊಂಡ ಒಂದು ಲಿಂಕ್ ತಯಾರಾಗುತ್ತಿತ್ತು. ತೆರೆದವರಿಗೆ ನೇರವಾಗಿ ಅದೇ ಪಟ್ಟಿ ಕಾಣಬೇಕು.

ನಾನು ಪರೀಕ್ಷಿಸಿದೆ. ತಾಲೂಕು ಗೋಕಾಕ, ಗುಂಪು ಬಿ ನೆಗೆಟಿವ್. ಲಿಂಕ್ ನನಗೇ ಕಳಿಸಿಕೊಂಡು ತೆರೆದೆ. ನನ್ನ ಹೆಸರನ್ನೂ ಸೇರಿಸಿ ನಾಲ್ಕು ಜನ ಬಂದರು. ಮೂಡಲಗಿಗೂ ಅದೇ ಗುಂಪು ಹಾಕಿದೆ, ಬಂತು. ಹುಕ್ಕೇರಿಗೂ ಬಂತು. ಕೆಲಸ ಮುಗಿಯಿತು ಅಂದುಕೊಂಡೆ.

ಅದಾಗಿ ಏಳನೆಯ ವಾರ, ಒಂದು ಮಧ್ಯಾಹ್ನ, ಕಾಕಾ ಫೋನ್ ಮಾಡಿದರು. ಯಾವಾಗಲೂ ಆರಾಮ ಅದಿಯೇನು ಎಂದು ಶುರುಮಾಡುವವರು ಅವತ್ತು ನೇರ ವಿಷಯಕ್ಕೆ ಬಂದರು.

"ತಂಗಿ, ನಿನ್ನ ಸೈಟ್ ಹುಕ್ಕೇರಿ ತಾಲೂಕಿನ್ಯಾಗ ಒ ಪಾಸಿಟಿವ್ ಒಬ್ಬರೂ ಇಲ್ಲ ಅಂತ ಹೇಳಾಕತ್ತೈತಂತ. ಹತ್ತರಗಿ ಕಡೆಯವನೊಬ್ಬ ಮುಂಜಾನಿಂದ ಒದ್ದಾಡ್ಯಾನ."

ನಡೆದದ್ದು ಇಷ್ಟು. ಹತ್ತರಗಿಯಲ್ಲಿ ಹೆದ್ದಾರಿಯ ಬಾಜೂ ಟೈರ್ ಪಂಕ್ಚರ್ ಅಂಗಡಿ ಇಟ್ಟುಕೊಂಡ ಒಬ್ಬರ ಹೆಂಡತಿಗೆ ಹುಕ್ಕೇರಿಯ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು. ಮಗು ಚೆನ್ನಾಗಿತ್ತು, ತಾಯಿಗೆ ರಕ್ತ ಬಹಳ ಹೋಗಿತ್ತು. ಎರಡು ಬಾಟಲಿ ಬೇಕು, ದಾನಿಗಳನ್ನು ಹುಡುಕಿ ಎಂದು ವೈದ್ಯರು ಹೇಳಿದ್ದರು. ಅಲ್ಲಿಯ ನರ್ಸ್ ಒಬ್ಬರು ನಮ್ಮ ಸೈಟಿನಿಂದ ಎಂಟೂ ಗುಂಪಿನ ಲಿಂಕುಗಳನ್ನು ಮಾಡಿ ಫೋನಿನಲ್ಲಿ ಇಟ್ಟುಕೊಂಡಿದ್ದರು. ಒ ಪಾಸಿಟಿವ್ ಲಿಂಕನ್ನು ಇವರಿಗೆ ಕಳಿಸಿ, ಪಾಳಿ ಮುಗಿಸಿ ಮನೆಗೆ ಹೋದರು. ಇವರು ತೆರೆದರೆ, "ಈ ಗುಂಪಿನ ದಾನಿಗಳು ಯಾರೂ ಇಲ್ಲ" ಎಂಬ ಒಂದೇ ಸಾಲು. ಸರಿ ಎಂದುಕೊಂಡು ಗೆಳೆಯರಿಗೆ, ಬೀಗರಿಗೆ, ಅಂಗಡಿಗೆ ಬರುವ ಲಾರಿ ಚಾಲಕರಿಗೆ ಫೋನ್ ಹಚ್ಚುತ್ತ ಕೂತರು. ಹೆಚ್ಚಿನವರಿಗೆ ತಮ್ಮ ಗುಂಪು ಯಾವುದೆಂದೇ ಗೊತ್ತಿರಲಿಲ್ಲ. ಮೂರು ತಾಸು ಹೋಯಿತು. ಕೊನೆಗೆ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿದ್ದ ಕಾಕಾನ ಸಂಖ್ಯೆ ಕಣ್ಣಿಗೆ ಬಿತ್ತು. ಕಾಕಾ ವಹಿ ತೆಗೆದು ಹತ್ತು ನಿಮಿಷದಲ್ಲಿ ಇಬ್ಬರನ್ನು ಹೊರಡಿಸಿದ್ದರು.

ಇದನ್ನೆಲ್ಲ ಕೇಳುತ್ತಲೇ ನಾನು ಕಂಪ್ಯೂಟರಿನಲ್ಲಿ ಸೈಟ್ ತೆರೆದೆ. ಹುಕ್ಕೇರಿ, ಒ ಪಾಸಿಟಿವ್. ಪಟ್ಟಿ ಉದ್ದಕ್ಕೂ ಬಂತು.

"ಇಲ್ರಿ ಕಾಕಾ, ಚೊಲೋ ನಡದೈತ್ರಿ. ಇಲ್ಲಿ ಎಲ್ಲಾರೂ ಕಾಣಾಕತ್ಯಾರ. ಅವರ ಏನರ ತಪ್ಪ ಒತ್ತಿರಬೇಕ್ರಿ."

ಕಾಕಾ, "ಅವರ ಒತ್ತಿದ್ದ ಲಿಂಕ ಕಳಸ್ತೇನಿ. ಅದನ್ನ ಒತ್ತಿ ನೋಡು, ಆಮ್ಯಾಲೆ ಹೇಳು" ಎಂದು ಫೋನ್ ಇಟ್ಟರು.

ಲಿಂಕ್ ಬಂತು. ಒತ್ತಿದೆ. ಯಾರೂ ಇಲ್ಲ.

ಇನ್ನೊಮ್ಮೆ ಒತ್ತಿದೆ. ಯಾರೂ ಇಲ್ಲ. ಆಗ ಲಿಂಕನ್ನು ಅಕ್ಷರಕ್ಷರವಾಗಿ ಓದತೊಡಗಿದೆ. ಪಾಸಿಟಿವ್ ಎಂದು ಸೂಚಿಸುವ ಕೊನೆಯ ಪ್ಲಸ್ ಚಿಹ್ನೆಗೆ ಬಂದು ನಿಂತಾಗ ತಪ್ಪು ನನ್ನದೇ ಎಂದು ತಿಳಿಯಿತು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಲಿಂಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯವರೆಗೆ ಇರುವುದು ಪುಟದ ವಿಳಾಸ. ಅದರ ನಂತರದ್ದು ನಾವು ಆ ಪುಟಕ್ಕೆ ಕೇಳುವ ಮಾತು: ತಾಲೂಕು ಇದು, ಗುಂಪು ಇದು. ಈ ಮಾತಿನಲ್ಲಿ ಪದಗಳ ನಡುವೆ ಖಾಲಿ ಜಾಗ ಬಿಡುವಂತಿಲ್ಲ. ಹಾಗಾಗಿ ಖಾಲಿ ಜಾಗದ ಬದಲು ಪ್ಲಸ್ ಹಾಕುವುದು ಬಹಳ ಹಿಂದಿನಿಂದ ಬಂದ ರೂಢಿ. ಓದುವ ಯಂತ್ರ ಪ್ಲಸ್ ಕಂಡಲ್ಲೆಲ್ಲ ಅದನ್ನು ಖಾಲಿ ಜಾಗ ಎಂದೇ ಓದುತ್ತದೆ. ನಿಜವಾಗಿ ಪ್ಲಸ್ ಎಂದೇ ಹೇಳಬೇಕಿದ್ದರೆ ಅದನ್ನು ಬೇರೆ ಸಂಕೇತದಲ್ಲಿ, ಶೇಕಡಾ ಚಿಹ್ನೆ ಹಾಕಿ ಮುಂದೆ ಎರಡು ಮತ್ತು ಬಿ ಎಂದು, ಬರೆದು ಕಳಿಸಬೇಕು. ಸೈಟಿನೊಳಗೆ ಆರಿಸಿದಾಗ ಈ ಬದಲಾವಣೆಯನ್ನು ಬ್ರೌಸರ್ ತಾನೇ ಮಾಡುತ್ತಿತ್ತು. ವಾಟ್ಸಾಪಿನ ಲಿಂಕನ್ನು ನಾನು ಕೈಯಾರೆ ಜೋಡಿಸಿದ್ದೆ. ತಾಲೂಕಿನ ಹೆಸರು ಕನ್ನಡದಲ್ಲಿದ್ದುದರಿಂದ ಅದಕ್ಕೆ ತೊಂದರೆಯಾದೀತೆಂದು ಎಚ್ಚರದಿಂದ ಸಂಕೇತಕ್ಕೆ ಬದಲಿಸಿದ್ದೆ. ರಕ್ತದ ಗುಂಪು ಎರಡು ಮೂರು ಅಕ್ಷರ, ಅದಕ್ಕೇನು ಎಂದು ಹಾಗೆಯೇ ಬಿಟ್ಟಿದ್ದೆ.

ಮೈನಸ್ಸಿಗೆ ಯಾವ ತೊಂದರೆಯೂ ಇಲ್ಲ, ಅದು ಹಾಗೆಯೇ ತಲುಪುತ್ತದೆ. ಅಪರೂಪದ ಗುಂಪಿನವರಿಗೆಲ್ಲ ನನ್ನ ಲಿಂಕ್ ಸರಿಯಾಗಿ ಕೆಲಸ ಮಾಡಿತ್ತು. ಊರ ತುಂಬ ಇರುವ ಗುಂಪುಗಳನ್ನು ಕೇಳಿದವರಿಗೆ ಮಾತ್ರ ಯಾರೂ ಇಲ್ಲ ಎಂದಿತ್ತು.

ತಿದ್ದಲು ಒಂದು ನಿಮಿಷವೂ ಬೇಕಾಗಲಿಲ್ಲ. ಕೆಲವು ಅಕ್ಷರ ಸೇರಿಸಿದೆ, ಅಷ್ಟೇ. ಈಗಾಗಲೇ ಹೊರಗೆ ಹೋಗಿದ್ದ ಲಿಂಕುಗಳಿಗಾಗಿ, ಗುಂಪಿನ ಮುಂದೆ ಖಾಲಿ ಜಾಗ ಬಂದರೆ ಪ್ಲಸ್ ಎಂದು ತಿಳಿ ಎಂಬ ಇನ್ನೊಂದು ಸಾಲು ಬರೆದೆ. ಎಲ್ಲ ಗುಂಪಿನ ಲಿಂಕುಗಳನ್ನೂ ಒಂದೊಂದಾಗಿ ತೆರೆದು ನೋಡಿ, ಸಂಜೆ ಕಾಕಾಗೆ ಫೋನ್ ಮಾಡಿದೆ.

"ಕಾಕಾ, ತಪ್ಪ ನಂದ್ರಿ. ಅವರದಲ್ರಿ."

"ಹೂಂ" ಎಂದರು. "ಆಕಿಗೆ ರಕ್ತ ಏರಸಾಕತ್ಯಾರ. ಹಿಡಕಲ್ ಕಡೆಯ ಕಬ್ಬಿನವ ಒಬ್ಬ, ಹುಕ್ಕೇರಿ ಸಾಲಿ ಮಾಸ್ತರ ಒಬ್ಬ. ಈಗ ಉಸಿರ ಬಿಡು."

ಉಸಿರು ಬಿಟ್ಟೆ. ಆದರೆ ಅಲ್ಲಿಗೆ ಮುಗಿಯಲಿಲ್ಲ. ಯಾವ ಲಿಂಕನ್ನು ಯಾವಾಗ ತೆರೆದರೆಂಬುದನ್ನು ಸೈಟ್ ನಡೆಸುವ ಸರ್ವರ್ ಒಂದೊಂದು ಸಾಲಾಗಿ ಬರೆದಿಡುತ್ತದೆ. ಅವತ್ತೇ ಕೂತು ಆ ಏಳು ವಾರದ ದಾಖಲೆಯನ್ನು ತೆಗೆದೆ. ಪ್ಲಸ್ ಇದ್ದ ಲಿಂಕುಗಳನ್ನು ಬೇರೆ ಮಾಡಿದೆ. ನಲವತ್ತಕ್ಕೂ ಹೆಚ್ಚು ಸಾಲುಗಳಿದ್ದವು. ಕೆಲವರು ಒಮ್ಮೆ ತೆರೆದು ಬಿಟ್ಟಿದ್ದರು. ಕೆಲವರು ಒಂದೇ ನಿಮಿಷದಲ್ಲಿ ಮೂರು ಸಲ, ನಾಲ್ಕು ಸಲ ತೆರೆದಿದ್ದರು. ಮೂಡಲಗಿ ತಾಲೂಕಿನ ಎ ಪಾಸಿಟಿವ್ ಕೇಳಿದ ಒಬ್ಬರಂತೂ ಬೆಳಗ್ಗೆ ಎರಡು ಸಲ, ಮಧ್ಯಾಹ್ನ ಮೂರು ಸಲ ಒತ್ತಿದ್ದರು. ಅಷ್ಟರಲ್ಲಿ ಯಾರಾದರೂ ಸೇರಿರಬಹುದು ಎಂದು ನೋಡಿರಬೇಕು. ಅವರು ಯಾರೆಂದು ತಿಳಿಯುವ ದಾರಿ ನನಗಿರಲಿಲ್ಲ. ಸಮಯವಿತ್ತು, ಕೇಳಿದ್ದೇನೆಂಬುದಿತ್ತು, ಕೇಳಿದವರ ಗುರುತಿರಲಿಲ್ಲ.

ಮರುದಿನ ಮೂಡಲಗಿಗೆ ಹೋಗಿ ಕಾಕಾನ ಮುಂದೆ ಆ ಹಾಳೆಗಳನ್ನಿಟ್ಟೆ. ಅವರು ಕನ್ನಡಕ ಹಾಕಿಕೊಂಡು ತಾರೀಖುಗಳನ್ನು ತಮಗೆ ಬಂದಿದ್ದ ಕರೆಗಳ ಜೊತೆ ಹೊಂದಿಸತೊಡಗಿದರು. ಹತ್ತಾರು ಜನ ಅವರಿಗೆ ನೇರ ಫೋನ್ ಮಾಡಿ ರಕ್ತ ಪಡೆದಿದ್ದರು. ಅವರ ಸಾಲುಗಳ ಮೇಲೆ ಗೀಟು ಎಳೆದರು. ಉಳಿದವು ಹಾಗೇ ಉಳಿದವು. ಮೂಡಲಗಿಯ ಆ ಎ ಪಾಸಿಟಿವ್ ಕೂಡ.

"ಇವರಿಗೆ ಏನಾತೋ" ಎಂದೆ.

"ಗೊತ್ತಿಲ್ಲ" ಎಂದರು ಕಾಕಾ. ಏನೂ ಆಗಿರಲಿಕ್ಕಿಲ್ಲ ಎಂದು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ನನ್ನ ಫೋನಿನಲ್ಲಿ ನಿನ್ನೆಯಿಂದ ತೆರೆದೇ ಇದ್ದ ಆ ಹಳೆಯ ಪುಟವನ್ನು ತೋರಿಸಿ ಕೇಳಿದರು, "ಯಾರೂ ಇಲ್ಲ ಅಂತ ಬರದೀಯಲ್ಲಾ, ಇಲ್ಲ ಅನ್ನೂದು ನಿನಗ ಹೆಂಗ ಗೊತ್ತಾತು? ನಾ ಮೂವತ್ತ ವರ್ಷ ಸೂಕ್ಷ್ಮದರ್ಶಕ ನೋಡೇನಿ. ರೋಗದ ಹುಳ ಕಾಣಲಿಲ್ಲಂದ್ರ ಕಾಣಲಿಲ್ಲ ಅಂತ ಬರೀತಿದ್ವಿ. ಇಲ್ಲ ಅಂತ ಬರೀತಿರಲಿಲ್ಲ."

ನಾನು ಅಲ್ಲೇ ಕೂತು ಆ ಸಾಲನ್ನು ಬದಲಿಸಿದೆ. "ನಮ್ಮ ಪಟ್ಟಿಯಲ್ಲಿ ಸಿಗಲಿಲ್ಲ, ದಯವಿಟ್ಟು ಈ ಸಂಖ್ಯೆಗೆ ಕೂಡಲೇ ಕರೆ ಮಾಡಿ" ಎಂದು ಬರೆದು, ಕಾಕಾನ ಸಂಖ್ಯೆಯನ್ನು ಪುಟದ ಮೇಲ್ಭಾಗಕ್ಕೆ ದೊಡ್ಡ ಅಕ್ಷರದಲ್ಲಿ ತಂದೆ. ಕೇಳಿದ ಗುಂಪು ಎಂಟರಲ್ಲಿ ಒಂದಾಗಿರದಿದ್ದರೆ, "ನೀವು ಕೇಳಿದ್ದು ನಮಗೆ ತಿಳಿಯಲಿಲ್ಲ" ಎಂದು ಹೇಳುವಂತೆ ಮಾಡಿದೆ. ಪ್ರೋಗ್ರಾಂ ಬರೆಯುವವರಿಗೆ ಇದು ಮೊದಲ ಪಾಠದಲ್ಲೇ ಬರುವ ವಿಷಯ. ನನಗದು ಬಹಳ ತಡವಾಗಿ ಅರ್ಥವಾಯಿತು.

ಮೂರು ವಾರದ ಬಳಿಕ ನಾನೂ ಕಾಕಾನೂ ಹತ್ತರಗಿಗೆ ಹೋದೆವು. ಅವರ ಮನೆ ಪಂಕ್ಚರ್ ಅಂಗಡಿಯಿಂದ ಸ್ವಲ್ಪ ಒಳಗೆ, ಒಂದು ಓಣಿಯಲ್ಲಿತ್ತು. ಮನೆಯ ಯಜಮಾನರು ಕೈಯ ಎಣ್ಣೆ ಒರೆಸಿಕೊಳ್ಳುತ್ತ ಬಂದು, "ಬರ್ರಿ, ಒಳಗ ಬರ್ರಿ" ಎಂದು ಕುರ್ಚಿ ಹಾಕಿದರು. ಕಾಕಾನ ಕಾಲಿಗೆ ಬಾಗಿದರು. ನಾನು ಯಾರೆಂದು ಕಾಕಾ ಹೇಳುವ ಮೊದಲೇ ನಾನೇ ಹೇಳಿಬಿಟ್ಟೆ.

"ಆ ಸೈಟ್ ಮಾಡಿದಾಕಿ ನಾನರಿ. ಅವತ್ತ ನಿಮಗ ಯಾರೂ ಇಲ್ಲ ಅಂತ ಬಂತಲ್ರಿ, ಅದು ನನ್ನ ತಪ್ಪು."

ಅವರು ಮಿಕಿಮಿಕಿ ನೋಡಿದರು. "ಅಲ್ರಿ ಅಕ್ಕಾರ, ನಾ ಏನ ಅನ್ಕೊಂಡಿದ್ದೆ ಗೊತ್ತೇನ್ರಿ? ನನಗ ಫೋನ್ ಸರಿ ಬರೂದಿಲ್ಲ, ನಾನ ಎಲ್ಲೋ ತಪ್ಪ ಒತ್ತೇನಿ ಅಂತ. ಮನ್ಯಾಗೂ ಹಂಗ ಹೇಳೇನ್ರಿ. ಮೂರು ವಾರದಿಂದ ಅದ ತಲ್ಯಾಗ ಕೂತಿತ್ತು."

ನಾನು ಕಾಕಾನಿಗೆ ಅವತ್ತು ಫೋನಿನಲ್ಲಿ ಹೇಳಿದ್ದ ಮಾತೂ ಅದೇ. ಅದನ್ನೂ ಅವರಿಗೆ ಹೇಳಿದೆ. ಮುಚ್ಚಿಡಬೇಕೆನಿಸಲಿಲ್ಲ. ಅವರು, "ಆತ ಬಿಡ್ರಿ, ಬಂದ ಹೇಳಿದ್ರಲ್ಲಾ" ಎಂದಷ್ಟೇ ಅಂದರು.

ಒಳಕೋಣೆಯಿಂದ ಅವರ ಹೆಂಡತಿ ಮಗುವನ್ನೆತ್ತಿಕೊಂಡು ಬಂದು ಬಾಗಿಲ ಬಳಿ ಕೂತರು. ಮುಖ ಇನ್ನೂ ಬಿಳಿಚಿಕೊಂಡಿತ್ತು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನನಗ ಇವರು ಬಂದು ಯಾರೂ ಇಲ್ಲಂತ ಅಂತ ಹೇಳಿದಾಗ ಹೆಂಗಾಗಿತ್ತ ಗೊತ್ತೇನ್ರಿ" ಎಂದರು. "ಇಡೀ ತಾಲೂಕಿನ್ಯಾಗ ನನ್ನಂಥಾ ರಕ್ತ ಒಬ್ಬರಿಗೂ ಇಲ್ಲೇನು, ನಾ ಒಬ್ಬಾಕಿನ ಹಿಂಗ ಹುಟ್ಟೇನೇನು ಅಂತ ಅಳು ಬಂತ್ರಿ."

ನಾನು ಫೋನ್ ತೆಗೆದು, ಅದೇ ಹಳೆಯ ಲಿಂಕನ್ನು ಒತ್ತಿ, ಅವರ ಕೈಗೆ ಕೊಟ್ಟೆ. ಈಗ ಅದು ತೆರೆಯುತ್ತಿತ್ತು. ಅವರು ಮಗುವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಹೆಬ್ಬೆರಳಿನಿಂದ ಪಟ್ಟಿಯನ್ನು ಮೇಲೆ ಸರಿಸುತ್ತ ಹೋದರು. ಹೆಸರುಗಳನ್ನು, ಊರುಗಳನ್ನು ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಹುಕ್ಕೇರಿ, ಹಿಡಕಲ್, ಮತ್ತೆ ಹುಕ್ಕೇರಿ. ಪಟ್ಟಿ ಮುಗಿಯುತ್ತಲೇ ಇರಲಿಲ್ಲ.

"ಇಷ್ಟ ಮಂದಿ ಅದಾರೇನ್ರಿ?" ಎಂದರು. ಆಮೇಲೆ ಒಂದು ಕಡೆ ಬೆರಳು ನಿಂತಿತು. "ಅಯ್ಯ, ಇವರು ನಮ್ಮ ಓಣಿಯವರಲ್ರಿ!"

ಗಂಡ ಬಗ್ಗಿ ನೋಡಿದರು. ಹೌದಾಗಿತ್ತು. ಎರಡು ಮನೆಯಾಚೆಯವರು. ಆಕೆ ಎದ್ದು, ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲಿಗೆ ಹೋಗಿ ಕೂಗಿದರು.

"ಮಾಮಾ, ಏ ಮಾಮಾ! ನಿಮ್ಮದು ಒ ಪಾಸಿಟಿವ್ ಏನ್ರಿ?"

ಆಚೆ ಕಟ್ಟೆಯ ಮೇಲೆ ದಿನಪತ್ರಿಕೆ ಹಿಡಿದು ಕೂತಿದ್ದ ಒಬ್ಬರು ತಲೆಯೆತ್ತಿ, "ಹೌದವ್ವ. ಯಾಕ, ಯಾರಿಗೆ ಬೇಕಾಗೇತಿ?" ಎನ್ನುತ್ತ ಪತ್ರಿಕೆ ಮಡಚಿಟ್ಟು ಎದ್ದು ನಿಂತರು.