ಏಳರ ಬಸ್ಸಿಗೆ ಹೋಗುವ ಪದಬಂಧ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಗಡಿಯಾಚೆ ತೆಲಂಗಾಣದ ಮಕ್ತಲ್ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಬಾಲಯ್ಯ ಪೇಪರ್ ಕಟ್ಟು ಬಿಚ್ಚುತ್ತಿದ್ದಾರೆ. ಎಡಕ್ಕೆ ಹೈದರಾಬಾದಿನಿಂದ ಬಂದ ತೆಲುಗು ಪೇಪರುಗಳ ರಾಶಿ, ಬಲಕ್ಕೆ ರಾಯಚೂರಿನ ಮೊದಲ ಬಸ್ಸು ಇಳಿಸಿಹೋದ ಕನ್ನಡ ಪೇಪರುಗಳ ಸಣ್ಣ ಕಟ್ಟು. ಪುರವಣಿ ತುರುಕಿ, ಮಡಚಿ, ಸೈಕಲ್ಲಿನ ಚೀಲಕ್ಕಿಳಿಸುವ ಕೈಗಳು ತಮ್ಮ ಪಾಡಿಗೆ ತಾವು ಓಡುತ್ತಿವೆ. ಕೆಲಸ ಮುಗಿದದ್ದೇ ಎದ್ದು, ಕಟ್ಟೆಯ ಸಂದಿಯಲ್ಲಿ ಒಣಗಿದ ಗರಿಕೆಯನ್ನು ಚಿವುಟಿ ಎದೆಮಟ್ಟದಿಂದ ಕೈಬಿಡುತ್ತಾರೆ. ಅದು ಎತ್ತ ಹಾರುತ್ತದೆಂದು ನೋಡುತ್ತಾರೆ.

"ಪಡುವಣ ಗಾಳಿ ಐತ್ರಿ. ಹತ್ತು ಗಂಟಿ ಆಗೂದ್ರಾಗ ಬಿಸಿಲು ಚುರ್ ಅಂತೈತಿ."

ಈ ವರದಿ ನನಗಲ್ಲ. ಕನ್ನಡದ ಒಂದು ಪೇಪರನ್ನು ಪಕ್ಕಕ್ಕೆ ತೆಗೆದು, ಅದರ ಅಂಚಿನ ಬಿಳಿ ಜಾಗದಲ್ಲಿ ಸೀಸದಕಡ್ಡಿಯಿಂದ ಅದನ್ನೇ ಬರೆಯುತ್ತಾರೆ. ಅಕ್ಷರ ದುಂಡಗಿವೆ, ತುಸು ದೊಡ್ಡವು. ಆ ಪೇಪರು ಹೋಗಬೇಕಾದ ಮನೆ ಮಕ್ತಲ್‌ನಲ್ಲಿಲ್ಲ, ಗದ್ವಾಲ್‌ನಲ್ಲಿದೆ.

ಬಾಲಯ್ಯನವರಿಗೆ ಐವತ್ತೆಂಟು. ಊರು ಉಟ್ಕೂರ್ ಹತ್ತಿರದ ಹಳ್ಳಿ. ದಿನಕ್ಕೆ ನೂರಾ ನಲವತ್ತೆರಡು ತೆಲುಗು ಪೇಪರು, ಹತ್ತೊಂಬತ್ತು ಕನ್ನಡ ಪೇಪರು, ಹದಿಮೂರು ಕಿಲೋಮೀಟರ್ ಸೈಕಲ್. ಪೇಪರ್ ಮುಗಿದ ಮೇಲೆ ಸಂಜೆಯ ತನಕ ಸಸಿ ಮಾರುವ ನರ್ಸರಿಯೊಂದರಲ್ಲಿ ನೀರು ಹಾಯಿಸುವ ಕೆಲಸ. ಪತ್ರಿಕೆಗೆ ರಜೆ ಇರುವ ದಿನ ಬಿಟ್ಟರೆ ಇವರಿಗೆ ರಜೆಯೇ ಇಲ್ಲ, ಅಂಥ ದಿನಗಳು ವರ್ಷಕ್ಕೆ ನಾಲ್ಕೋ ಐದೋ.

ಮಕ್ತಲ್‌ಗೆ ಬರುವ ಮೊದಲು ಹದಿನಾಲ್ಕು ವರ್ಷ ಹೈದರಾಬಾದಿನ ಹೊರಗಿನ ಗಾಲ್ಫ್ ಮೈದಾನವೊಂದರಲ್ಲಿದ್ದರು. ಊರಿನಿಂದ ಕಟ್ಟಡದ ಕೆಲಸಕ್ಕೆಂದು ಹೊರಟ ತಂಡದಲ್ಲಿ ಇವರೊಬ್ಬರು ಹೇಗೋ ಹುಲ್ಲಿನ ಕೆಲಸಕ್ಕೆ ಬಿದ್ದರು. ಮೊದಲು ಹುಲ್ಲು ಕತ್ತರಿಸುವುದು, ಆಮೇಲೆ ಆಡುವವರ ಚೀಲ ಹೊತ್ತು ಅವರ ಹಿಂದೆ ನಡೆಯುವುದು. ಹುಲ್ಲು ಹಾರಿಸಿ ಗಾಳಿ ನೋಡುವ ಚಟ ಅಂಟಿದ್ದು ಅಲ್ಲೇ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಚೆಂಡು ಹೊಡೆದಿಲ್ಲವೇ ಎಂದರೆ ನಗುತ್ತಾರೆ. "ಹುಡುಕಿ ಕೊಟ್ಟೀನ್ರಿ ಸಾವಿರಗಟ್ಲೆ. ಹೊಡಿಯೂದು ನಮ್ಮ ಕೆಲಸ ಅಲ್ಲಲ್ರಿ."

ಈ ಕಥೆಯನ್ನು ಬಿಟ್ಟ ಬಾಯಿ ಬಿಟ್ಟಂತೆ ಕೇಳುತ್ತಿದ್ದವರು ಮಕ್ತಲ್‌ನಲ್ಲಿ ಒಬ್ಬರೇ, ಶೇಂಗಾ ವ್ಯಾಪಾರ ಮಾಡಿ ನಿವೃತ್ತರಾದ ಹಂಪಣ್ಣ ಸಾವ್ಕಾರ್ರು. ರಾಯಚೂರಿನಲ್ಲಿ ಓದಿದವರು, ಕನ್ನಡ ಪೇಪರಿಲ್ಲದೆ ಚಹಾ ಮುಟ್ಟದವರು. ಹನ್ನೊಂದು ವರ್ಷ ಅವರ ಮನೆ ಕಟ್ಟೆ ಮುಂದೆ ಬಾಲಯ್ಯನ ಸೈಕಲ್ ದಿನವೂ ಐದು ನಿಮಿಷ ನಿಂತಿದೆ. ಹವಾ ಹೆಂಗೈತಿ, ನಿನ್ನೆ ಎಷ್ಟು ದೂರ ನಡೆದಿರಿ, ಓದುತ್ತಿರುವ ಪುಸ್ತಕ ಎಲ್ಲಿಗೆ ಬಂತು. ಒಂದು ದಿನವಂತೂ ಸಾವ್ಕಾರ್ರು ಊರುಗೋಲು ತಿರುಗಿಸಿ ಹಿಡಿದು, ಲಿಂಬೆಹಣ್ಣನ್ನು ನೆಲಕ್ಕಿಟ್ಟು, "ಇದನ್ನ ಹೆಂಗ ಹೊಡೀತಾರ ತೋರಿಸು" ಎಂದರಂತೆ. ಬಾಲಯ್ಯ ಹೊಡೆದ ಹಣ್ಣು ಎದುರು ಮನೆಯ ಎಂಕಮ್ಮನ ನೀರಿನ ಕೊಡಕ್ಕೆ ಬಿತ್ತು. ಇಬ್ಬರೂ ಬೈಸಿಕೊಂಡರು.

ಬಾಲಯ್ಯನವರಿಗೆ ಮಾತಿಗೆ ಎರಡೂ ಭಾಷೆ ಬರುತ್ತಿದ್ದವು, ಓದಲು ತೆಲುಗು ಮಾತ್ರ. ಕನ್ನಡ ಓದಿಗೆ ಹಚ್ಚಿದ್ದು ಪದಬಂಧ. ಸಾವ್ಕಾರ್ರು ದಿನಾ ಪದಬಂಧ ತುಂಬಿ, ಬಾಲಯ್ಯನಿಗೆಂದು ಒಂದೇ ಒಂದು ಪದ ಬಿಡುತ್ತಿದ್ದರು. ಮರುದಿನ ಬೆಳಿಗ್ಗೆ ಕಟ್ಟೆಯ ಮುಂದೆ ಅದಕ್ಕೆ ಉತ್ತರ ಹೇಳಬೇಕು. ಹೇಳಿದರೆ ಶಹಬ್ಬಾಸ್, ಇಲ್ಲದಿದ್ದರೆ ಒಂದು ಹಳೆಯ ಪುಸ್ತಕ ಚೀಲಕ್ಕೆ ಬೀಳುತ್ತಿತ್ತು. "ಉತ್ತರ ಗೊತ್ತಿದ್ರೂ ಒಮ್ಮೊಮ್ಮೆ ಹೇಳ್ತಿದ್ದಿಲ್ರಿ," ಎನ್ನುತ್ತಾರೆ. "ಪುಸ್ತಕ ಬೇಕಾಗಿರ್ತಿತ್ತು."

ಎರಡು ವರ್ಷದ ಹಿಂದೆ ಸಾವ್ಕಾರ್ರು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಗದ್ವಾಲ್‌ನಲ್ಲಿ ಶಾಲೆ ಟೀಚರ್ ಆಗಿರುವ ಮಗಳು ವಿಜಯಶ್ರೀ ತಂದೆಯನ್ನು ಅಲ್ಲಿಗೇ ಕರೆದುಕೊಂಡು ಹೋದರು. ಅಲ್ಲಿ ಕನ್ನಡ ಪೇಪರ್ ಸಿಗುವುದಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ಸಾವ್ಕಾರ್ರಿಗೆ ಕಿವಿ ಮಂದ. ಮೂರು ದಿನ ಬೀಗ ಹಾಕಿದ ಆ ಮನೆಯ ಮುಂದೆ ಸೈಕಲ್ ನಿಲ್ಲಿಸಿ ಸುಮ್ಮನೆ ಹಿಂದಿರುಗಿದ ಬಾಲಯ್ಯ, ನಾಲ್ಕನೆಯ ದಿನ ಗದ್ವಾಲ್‌ಗೆ ಹೋಗುವ ಏಳರ ಬಸ್ಸಿನ ಕಂಡಕ್ಟರ್ ಸುರೇಂದರ್ ಕೈಗೆ ಪೇಪರ್ ಇಟ್ಟರು. ಧರೂರು ದಾಟಿ ಗದ್ವಾಲ್ ಮುಟ್ಟುವ ಆ ರಸ್ತೆಯ ಪಕ್ಕದಲ್ಲೇ ಮಗಳ ಮನೆ. ಅಂದಿನಿಂದ ಬೆಳಿಗ್ಗೆ ಹೊಸ ಪೇಪರ್ ಹೋಗುತ್ತದೆ, ಸಂಜೆ ಅದೇ ಬಸ್ಸಿಗೆ ಹಿಂದಿನ ದಿನದ ಪೇಪರ್ ವಾಪಸ್ ಬರುತ್ತದೆ. ಅಂಚಿನಲ್ಲಿ ಸಾವ್ಕಾರ್ರ ಮಾತು, ಪದಬಂಧದಲ್ಲಿ ಒಂದು ಪದ ಖಾಲಿ.

ನಾನು ಅಂಥ ಹಳೆಯ ಪೇಪರುಗಳನ್ನು ನೋಡಿದೆ, ಟ್ರಂಕಿನಲ್ಲಿ ಜೋಡಿಸಿಟ್ಟಿದ್ದಾರೆ. "ಇಲ್ಲಿ ಮಳಿ ಇಲ್ಲ. ಕಾಲುವಿಗೆ ನೀರು ಬಿಟ್ಟಾರ. ಅಂಗಳದಾಗ ಆರು ಸುತ್ತು ನಡದೆ." ಇನ್ನೊಂದರಲ್ಲಿ, ಇಬ್ಬರೂ ಓದುತ್ತಿದ್ದ ಪುಸ್ತಕದ ಬಗ್ಗೆ, "ಪುಸ್ತಕದಾಗ ಯಾತ್ರೆಯವರು ಹೊಳಿ ದಾಟಿದ್ರು. ನೀ ಎಲ್ಲಿಗಿ ಬಂದಿ?" ಇಂಥ ಪತ್ರಗಳಿಗೆ ಅಂಚೆ ಇಲಾಖೆಯ ಮುದ್ರೆ ಬೇಕಿಲ್ಲ. ಓದುತ್ತ ನನಗೆ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ, ನನ್ನ ಹವಾಮಾನವನ್ನು ಹೀಗೆ ವಿಚಾರಿಸುವವರು ಯಾರೂ ಇಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಖಾಲಿ ಪದಗಳು ಎರಡಾದವು. ಆಮೇಲೆ ನಾಲ್ಕು, ಏಳು. ಬಾಲಯ್ಯ ಹಿಗ್ಗಿದರು. ತನ್ನ ಕನ್ನಡ ಸುಧಾರಿಸಿದೆ, ಅದಕ್ಕೇ ಸಾವ್ಕಾರ್ರು ಹೆಚ್ಚು ಹೆಚ್ಚು ಬಿಡುತ್ತಿದ್ದಾರೆ ಎಂದುಕೊಂಡರು. ರಾಯಚೂರಿನಿಂದ ನಿಘಂಟು ತರಿಸಿದರು. ನರ್ಸರಿಯಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿ ಕೂತಾಗಲೂ ಪದಬಂಧವೇ. ದೀಪಾವಳಿ ಕಳೆದ ಮೇಲೆ ಒಂದು ದಿನ ಪೂರ್ತಿ ಖಾಲಿ ಪದಬಂಧ ಬಂತು. ನಾಲ್ಕು ದಿನ ಒದ್ದಾಡಿ ಅಷ್ಟನ್ನೂ ತುಂಬಿ, "ಸಾವ್ಕಾರ್ರೆ, ಈ ಸಲ ಎಲ್ಲಾ ನನಗ ಬಿಟ್ರಿ, ನಾನೂ ಬಿಡಲಿಲ್ಲ" ಎಂದು ಅಂಚಿನಲ್ಲಿ ಬರೆದು ಕಳಿಸಿದರು.

ಮರುದಿನ ವಿಜಯಶ್ರೀ ಫೋನ್ ಮಾಡಿದರು. ಅವರಾಡಿದ ಮಾತು ಬಾಲಯ್ಯನವರಿಗೆ ಬಾಯಿಪಾಠವಾಗಿದೆ. "ಬಾಲಯ್ಯಾರ, ಅಪ್ಪ ನಿಮಗಂತ ಬಿಟ್ಟಿದ್ದಲ್ಲರಿ. ಅವರಿಗೆ ಪದ ನೆನಪಿಗಿ ಬರವಲ್ದು. ಡಾಕ್ಟರು ಮರವಿನ ರೋಗ ಅಂದಾರ."

ಇದನ್ನು ಹೇಳುವಾಗ ಬಾಲಯ್ಯ ನನ್ನ ಮುಖ ನೋಡುವುದಿಲ್ಲ, ಸೈಕಲ್ಲಿನ ಚೈನಿಗೆ ಬೇಕಿಲ್ಲದಿದ್ದರೂ ಎಣ್ಣೆ ಬಿಡುತ್ತಾರೆ. "ಅವರು ಕಳಕೊಳ್ಳಾಕತ್ತಿದ್ರು, ನಾ ಗೆದ್ದೆ ಅಂತ ಕುಣ್ಯಾಕತ್ತಿದ್ದೆ. ಮಬ್ಬ ನಾನು." ಎಣ್ಣೆಯ ಡಬ್ಬಿ ಕೆಳಗಿಟ್ಟು, "ಆ ಐದು ನಿಮಿಷದ ಮಾತು ಭಾಳ ನೆನಪಾಗ್ತೈತ್ರಿ. ಊರಾಗ ಮಂದಿ ಇಲ್ಲಂತಲ್ಲ. ಅಂಥಾ ಮಾತು ಯಾರೂ ಆಡೂದಿಲ್ಲ," ಎನ್ನುತ್ತಾರೆ.

ಪೇಪರ್ ಕಳಿಸುವುದನ್ನು ಅವರು ನಿಲ್ಲಿಸಲಿಲ್ಲ, ಕಳಿಸುವ ರೀತಿ ಬದಲಾಯಿಸಿದರು. ಈಗ ಏಳರ ಬಸ್ಸಿಗೆ ಮುಂಚೆ ಊರಿನೊಳಗಿನ ಕನ್ನಡದ ಹದಿನೆಂಟು ಮನೆಗಳನ್ನೇ ಮೊದಲು ಮುಗಿಸುತ್ತಾರೆ. ಬಾಗಿಲಿಗೆ ಬಂದವರನ್ನೆಲ್ಲ ಹಿಡಿದು ಒಂದೊಂದು ಸುಳಿವು ಕೇಳುತ್ತಾರೆ. ಹಾಲಿನ ಪಾತ್ರೆ ಹಿಡಿದು ನಿಂತ ಅಮರಮ್ಮ ಒಂದು ಪದ ಕೊಡುತ್ತಾರೆ, ಹಲ್ಲುಜ್ಜುತ್ತಿರುವ ಬಸವಪ್ರಸಾದ್ ನೊರೆ ಉಗುಳಿ ಇನ್ನೊಂದು. ಕಷ್ಟದ ಪದಗಳನ್ನೆಲ್ಲ ಹೀಗೆ ತುಂಬಿಸಿ, ಸಾವ್ಕಾರ್ರಿಗೆ ಗೊತ್ತಿರಲೇಬೇಕಾದ ಐದಾರನ್ನು ಬಿಡುತ್ತಾರೆ. ಯಾವುದೋ ಹೊಳೆಯ ಹೆಸರು, ಕಾಳಿನ ಹೆಸರು, ಸಂತೆಯ ಮಾತು. ಕೆಲವು ದಿನ ಎರಡು ತುಂಬಿ ಬರುತ್ತವೆ, ಕೆಲವು ದಿನ ಒಂದೂ ಇಲ್ಲ. ಅಂಚಿನ ಮಾತು ಬಂದು ಈಗ ಮೂರು ವಾರವಾಯಿತು.

ಹೋಗಿ ನೋಡಬಾರದೇ ಎಂದೆ. ಗದ್ವಾಲ್ ಏನು ಸಪ್ತಸಾಗರದ ಆಚೆಗಿದೆಯೇ. ನರ್ಸರಿ, ಪೇಪರು, ಬಸ್ಸಿನ ಹೊತ್ತು ಎಂದು ಸುತ್ತಿ ಬಳಸಿ ಕೊನೆಗೆ ನಿಜ ಹೇಳಿದರು. "ಅಂಜಿಕಿರಿ. ನನ್ನ ನೋಡಿ 'ಯಾರಪಾ ನೀನು' ಅಂದ್ರ? ಪೇಪರ್ ಹೋಗಿ ಬರೂ ತನಕಾ ನಾ ಅವರಿಗಿ ಗೊತ್ತದೀನಿ ಅಂತ ತಿಳ್ಕೋಬಹುದು."

ನಾನು ವಿಜಯಶ್ರೀಯವರಿಗೆ ಫೋನ್ ಮಾಡಿದೆ. ಪಕ್ಕದಲ್ಲಿದ್ದ ಬಾಲಯ್ಯನವರಿಗೂ ಕೇಳಲೆಂದು ಸ್ಪೀಕರ್ ಹಾಕಿದ್ದೆ. "ಅಪ್ಪ ಯಾರು ಹೇಳಿದ್ರೂ ಕುರ್ಚಿ ಬಿಟ್ಟು ಏಳೂದಿಲ್ಲ," ಎಂದರು ಅವರು. "ಬೆಳಿಗ್ಗೆ ಬಸ್ಸು ಬರೂ ಹೊತ್ತಾತಂದ್ರ ಮಾತ್ರ ತಾವ ಎದ್ದು ಗೇಟಿನ ತನಕ ಹೋಗ್ತಾರ. ಯಾಕ ಹೋದ್ರಿ ಅಂದ್ರ ಗೊತ್ತಿಲ್ಲ ಅಂತಾರ. ಪೇಪರ್ ಮಾತ್ರ ಎದಿಗಿ ಒತ್ತಿ ಹಿಡ್ಕೊಂಡು ಬರ್ತಾರ."

ಫೋನ್ ಇಟ್ಟ ಮೇಲೆ ಬಾಲಯ್ಯ ಗದ್ವಾಲ್‌ನ ಪೇಪರನ್ನು ಬಿಚ್ಚಿ ಮತ್ತೆ ಮಡಚಿದರು. ಏಳರ ಬಸ್ಸು ಬಂತು. ಸುರೇಂದರ್ ಕಿಟಕಿಯಿಂದ ಕೈ ಚಾಚಿ, "ಇಚ್ಚೇಸ್ತಾಲೇ," ಕೊಡ್ತೀನಿ ಬಿಡು ಎಂದು ತೆಲುಗಿನಲ್ಲಿ ಹೇಳಿ ಪೇಪರ್ ಇಸಿದುಕೊಂಡರು. ಯುಗಾದಿಯ ಮರುದಿನ ಪೇಪರ್ ಇಲ್ಲ, ಅವತ್ತು ಇದೇ ಬಸ್ಸಿಗೆ ತನಗೊಂದು ಸೀಟು ಹಿಡಿ ಎಂದು ಬಾಲಯ್ಯ ಅವರಿಗೆ ಹೇಳಿದರು. ಬಸ್ಸು ಹೊರಟಿತು.

ಹೋಗಿ ಏನು ಮಾತಾಡುತ್ತೀರಿ ಎಂದು ಕೇಳಿದೆ.

"ಮಾತಾಡಾಕಲ್ರಿ. ಹನ್ನೊಂದು ವರ್ಷ ನಾವಿಬ್ರೂ ನಡಿಗಿ ಬಗ್ಗಿ ಮಾತಾಡೀವಿ. ಎಷ್ಟು ದೂರ ನಡದ್ರಿ, ಯಾ ದಾರಿ ಹಿಡದ್ರಿ ಅಂತ. ಜೊತಿಗಿ ಒಂದು ದಿನಾನೂ ನಡದಿಲ್ಲ. ನಂಗ ಸೈಕಲ್ಲಿನ ಅವಸರ ಇರ್ತಿತ್ತು. ಅವತ್ತು ಅವರು ಗೇಟಿಗಿ ಬಂದ್ರ, ಕೈ ಹಿಡ್ಕೊಂಡು ಅಂಗಳದಾಗ ಒಂದು ಸುತ್ತು ಹಾಕ್ತೀನ್ರಿ." ಸೈಕಲ್ ಸ್ಟ್ಯಾಂಡ್ ತೆಗೆದು ತೆಲುಗು ಪೇಪರಿನ ಓಣಿಯ ಕಡೆ ತಿರುಗಿಸಿದರು. "ನಾ ಯಾರಂತ ಗೊತ್ತಾಗದಿದ್ರೂ ಇರ್ಲಿ. ಜೊತಿಗಿ ನಡಿಯಾಕ ಹೆಸರು ಗೊತ್ತಿರಬೇಕಂತೇನಿಲ್ಲಲ್ರಿ."