ಗಚ್ಚಿಬೌಲಿಯಲ್ಲಿ ಅಪ್ಪ ಮಾತಾಡಿದ್ದು

ಅಪ್ಪನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅಮ್ಮನಿಗೂ ಕೇಳುತ್ತಿರಲಿಲ್ಲ. ನನಗೆ ಚೆನ್ನಾಗಿ ಕೇಳುತ್ತದೆ, ಬೇಡದ್ದೂ ಕೇಳುತ್ತದೆ. ಹಾಗಾಗಿ ಬುದ್ಧಿ ತಿಳಿದಾಗಿನಿಂದ ನನಗೊಂದು ಕಾಯಂ ನೌಕರಿ ಇತ್ತು: ಫೋನು ಎತ್ತುವುದು, ಬಾಗಿಲಿಗೆ ಬಂದವರ ಜೊತೆ ಮಾತಾಡುವುದು, ಅವರು ಆಡಿದ್ದನ್ನು ಕೈಯಲ್ಲಿ ಹೇಳುವುದು, ಅಪ್ಪ ಅಮ್ಮ ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳುವುದು. ದೊಡ್ಡವಳಾದ ಮೇಲೆ ಸಿಕಂದರಾಬಾದಿನ ಸರಕಾರಿ ಕಚೇರಿಯೊಂದರಲ್ಲಿ ಇನ್ನೊಂದು ನೌಕರಿ ಸಿಕ್ಕಿತು. ಅದಕ್ಕೆ ನಿವೃತ್ತಿಯ ವಯಸ್ಸು ಅಂತ ಒಂದಿದೆ.

ನಾವು ಮೂಲತಃ ರಾಯಚೂರು ಕಡೆಯವರು. ಅಜ್ಜ ಕೆಲಸಕ್ಕೆಂದು ಹೈದರಾಬಾದಿಗೆ ಬಂದವರು ಇಲ್ಲೇ ಉಳಿದರು. ನನ್ನ ಬಾಯಿಗೆ ಮಾತು ಕಲಿಸಿದವಳು ಅಜ್ಜಿ, ಅಂದರೆ ಅಪ್ಪನ ತಾಯಿ. ಹೊರಗೆ ಕಾಲಿಟ್ಟರೆ ತೆಲುಗು, ಹಿಂದಿ. ಒಳಗೆ ಅಜ್ಜಿಯ ಕನ್ನಡ ಮತ್ತು ನಾಲ್ಕು ಕೈಗಳು. ಅಜ್ಜಿಗೆ ಮಗನ ಜೊತೆ ಮಾತಾಡಲು ತಾನೇ ಕಂಡುಕೊಂಡ ಸನ್ನೆಗಳಿದ್ದವು. ಅಂಗೈ ತಟ್ಟಿದರೆ ರೊಟ್ಟಿ, ಹಣೆ ಮುಟ್ಟಿದರೆ ಜ್ವರ, ಗಲ್ಲಕ್ಕೆ ಕೈ ಕೊಟ್ಟರೆ ನಿದ್ದೆ. ನನಗೆ ಮಾತು ಬಂದದ್ದೇ ತಡ, ಆಕೆ ಆ ಕೆಲಸ ಬಿಟ್ಟುಬಿಟ್ಟಳು. ಅಪ್ಪ ಎದುರಿಗೇ ಕೂತಿದ್ದರೂ ನನ್ನನ್ನು ಕರೆಯುತ್ತಿದ್ದಳು.

"ನಿಮ್ಮಪ್ಪಗ ಹೇಳವ್ವಾ, ರೊಟ್ಟಿ ಆರಾಕತ್ತಾವು. ನನ್ನ ಕೈ ಸೋತಾವು, ಇನ್ನ ನೀನ ಹೇಳು."

ಇದರಿಂದ ಒಂದು ವಿಚಿತ್ರ ಆಗಿದೆ. ಅಪ್ಪ ಕೈಯಲ್ಲಿ ಏನೇ ಹೇಳಲಿ, ನನ್ನ ತಲೆಯೊಳಗೆ ಅದು ಅಜ್ಜಿಯ ರಾಯಚೂರು ಕನ್ನಡದಲ್ಲೇ ಕೇಳಿಸುತ್ತದೆ. ಅಪ್ಪನಿಗೆ ಕನ್ನಡದ ಒಂದಕ್ಷರ ಬರುವುದಿಲ್ಲ. ಕಿವುಡ ಮಕ್ಕಳ ಶಾಲೆಯಲ್ಲಿ ಅವರಿಗೆ ಕಲಿಸಿದ್ದು ತೆಲುಗು ಮತ್ತು ಒಂದಿಷ್ಟು ಇಂಗ್ಲಿಷು. ಆದರೂ ಇಲ್ಲಿ ಅವರ ಮಾತನ್ನು ನನಗೆ ಕೇಳಿಸಿದ ಹಾಗೇ ಬರೆಯುತ್ತೇನೆ.

ನಾನು ಶಾಲೆಗೆ ಹೋಗುವ ಕಾಲದಲ್ಲಿ ಫೋನು ಇದ್ದದ್ದು ಕೆಳಗಿನ ಮನೆಯಲ್ಲಿ, ಮಾಲೀಕರ ಹತ್ತಿರ. ಅಪ್ಪ ಜೀಡಿಮೆಟ್ಲಾದ ಮಾತ್ರೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದಲ್ಲಿದ್ದರು. ಅವರಿಗೆ ಹುಷಾರಿಲ್ಲದಿದ್ದರೆ ನಾನು ಸ್ಟೂಲಿನ ಮೇಲೆ ಹತ್ತಿ ನಿಂತು ಸೂಪರ್‌ವೈಸರಿಗೆ ತೆಲುಗಿನಲ್ಲಿ ರಜೆ ಕೇಳುತ್ತಿದ್ದೆ. ಆತ ಒರಟ. "ದೊಡ್ಡವರು ಯಾರೂ ಇಲ್ಲವಾ?" ಎಂದು ಗದರುತ್ತಿದ್ದ. ಇದ್ದಾರೆ, ನನ್ನ ಪಕ್ಕದಲ್ಲೇ ನಿಂತಿದ್ದಾರೆ, ನನ್ನ ಮುಖವನ್ನೇ ನೋಡುತ್ತಿದ್ದಾರೆ ಎಂದು ಅವನಿಗೆ ಹೇಗೆ ಹೇಳುವುದು. ಅಪ್ಪನಿಗೆ ಮಾತ್ರ ನಾನು "ಆಯಿತಂತೆ" ಎಂದಷ್ಟೇ ಕೈ ಮಾಡುತ್ತಿದ್ದೆ.

ಜನ ಅಪ್ಪನನ್ನು ಮೂಕ ಅನ್ನುತ್ತಾರೆ. ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಅಪ್ಪನಷ್ಟು ಮಾತಾಡುವವರನ್ನು ನಾನು ಕಂಡಿಲ್ಲ. ಅವರೂ ಅವರ ಗೆಳೆಯರೂ ಇಡೀ ಊರಿಗೇ ತಮ್ಮ ಹೆಸರು ಇಟ್ಟಿದ್ದಾರೆ. ಮೂಗು ಮುಚ್ಚಿಕೊಂಡರೆ ಜೀಡಿಮೆಟ್ಲಾ. ಅಲ್ಲಿಯ ಕಾರ್ಖಾನೆಗಳ ಗಾಳಿ ಕುಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡಂತೆ ಮಾಡಿ ಮುಖ ಗಂಟಿಕ್ಕಿದರೆ ಐಟಿ ಕಂಪನಿಗಳ ಗಚ್ಚಿಬೌಲಿ. ವಿಡಿಯೋ ಕಾಲ್ ಬಂದ ಮೇಲಂತೂ ಅಪ್ಪನನ್ನು ಹಿಡಿಯುವವರೇ ಇಲ್ಲ. ಫೋನನ್ನು ಬಾಲ್ಕನಿಯ ಕಿಟಕಿಗೆ ಒರಗಿಸಿ, ಬೆಳಕು ಮುಖಕ್ಕೆ ಬೀಳುವಂತೆ ಕೂತು, ಸಿಕಂದರಾಬಾದಿನಿಂದ ಸೊಲ್ಲಾಪುರದವರೆಗೆ ಜಗಳವಾಡುತ್ತಾರೆ. ಸಿಟ್ಟು ಬಂದಾಗ ಅವರ ಗಂಟಲಿನ ಸದ್ದು ಕೆಳಗಿನ ಮಹಡಿಗೂ ಕೇಳುತ್ತದೆ.

ಆದರೆ ಈ ಸುಖ ಕಿವುಡರು ಕಿವುಡರ ಜೊತೆ ಮಾತಾಡುವಾಗ ಮಾತ್ರ. ಉಳಿದ ಲೋಕಕ್ಕೆ ದನಿಯೇ ಬೇಕು. ಗ್ಯಾಸಿನವನು ಕೆಳಗೆ ನಿಂತು ಫೋನು ಮಾಡುತ್ತಾನೆ. ಪಾರ್ಸೆಲ್ಲಿನವನು ಎತ್ತದಿದ್ದರೆ ವಾಪಸ್ಸು ಹೋಗುತ್ತಾನೆ. ಒಮ್ಮೆ ಯಾವುದೋ ಕಾರ್ಡಿನ ವಿಚಾರಕ್ಕೆ ಕಾಲ್ ಸೆಂಟರಿನ ಹುಡುಗಿ, ಗ್ರಾಹಕರ ದನಿಯನ್ನೇ ಕೇಳಬೇಕು, ನಿಯಮ ಹಾಗಿದೆ ಎಂದು ಪಟ್ಟು ಹಿಡಿದಳು. ಅವರಿಗೆ ಕೇಳುವುದಿಲ್ಲಮ್ಮಾ ಎಂದೆ. ಪರವಾಗಿಲ್ಲ ಮೇಡಂ, ಒಂದು ಮಾತು ಸಾಕು ಎಂದಳು. ನನಗೂ ರೇಗಿತ್ತು. ಫೋನನ್ನು ಅಪ್ಪನ ಬಾಯಿಗೆ ಹಿಡಿದು, ಮಾತಾಡಿ ಎಂದು ಸನ್ನೆ ಮಾಡಿದೆ. ಅಪ್ಪ ತಮ್ಮಿಂದಾದ ಸದ್ದು ಮಾಡಿದರು. ಹುಡುಗಿ ಹೆದರಿ ಫೋನು ಇಟ್ಟುಬಿಟ್ಟಳು. ಅಪ್ಪ ಬಹಳ ದಿನ ಇದನ್ನು ಗೆಳೆಯರಿಗೆಲ್ಲ ನಟಿಸಿ ತೋರಿಸಿ ನಗಿಸಿದರು.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಕಿವುಡರ ಸಂಘಕ್ಕೆ ಹೆಚ್ಚು ಹೋಗತೊಡಗಿದರು. ಈಚೆಗೆ ಗಚ್ಚಿಬೌಲಿಯ ಒಂದು ದೊಡ್ಡ ಸಭಾಂಗಣದಲ್ಲಿ ಬೇರೆ ಬೇರೆ ದೇಶದವರು ಸೇರುವ ಸಭೆಗೆ ಸಂಘದಿಂದ ಅವರನ್ನು ಆರಿಸಿದರು. ಎಲ್ಲರನ್ನೂ ಒಳಗೊಳ್ಳುವ ಜಾಗತಿಕ ಮಾಹಿತಿ ಸಮಾಜವನ್ನು ಕಟ್ಟಲು ಜಗತ್ತು ಮೊದಲು ಏನು ಮಾಡಬೇಕು ಎಂಬುದು ಚರ್ಚೆಯ ವಿಷಯ. ಬಂದವರು ತಲಾ ಒಂದೊಂದು ಅಂಶ ಹೇಳಬಹುದು. ಸಭೆ ಒಪ್ಪಿದರೆ ಅದು ಕರಡು ನಿರ್ಣಯಕ್ಕೆ ಸೇರುತ್ತದೆ. ಹೆಸರು ಖಚಿತಪಡಿಸಲು ಒಂದು ಯಂತ್ರ ಫೋನು ಮಾಡಿ, ಬೀಪ್ ಸದ್ದಾದ ಮೇಲೆ ಹೆಸರು ಹೇಳಿ ಎಂದಿತು. ಹೇಳಿದೆ. ಎಲ್ಲರನ್ನೂ ಒಳಗೊಳ್ಳುವ ಸಮಾಜಕ್ಕೂ ಅಪ್ಪ ನನ್ನ ಮೂಲಕವೇ ಒಳಗೆ ಹೋಗಬೇಕಾಯಿತು.

ಅವರು ಮುಂಚೆಯೇ ಕಳಿಸಿದ ಕರಡು ಇಂಗ್ಲಿಷಿನಲ್ಲಿತ್ತು, ಉಸಿರು ಬಿಡದ ವಾಕ್ಯಗಳು. ಕೇಬಲ್ಲು, ವೇಗ, ಅಗ್ಗದ ಡೇಟಾ, ಹಳ್ಳಿ, ಹೆಂಗಸರು, ಸ್ಥಳೀಯ ಭಾಷೆಗಳು, ಕೌಶಲ, ಕೊನೆಯ ಕಡೆಗೆ ಅಂಗವಿಕಲರು. ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ, ಅದೇ ನನಗೆ ಸೇರಲಿಲ್ಲ. ಅಪ್ಪನಿಗೆ ತಿಳಿಸಲು ಕೂತೆ. ಶೀರ್ಷಿಕೆಗೇ ಸುಸ್ತಾಯಿತು. ಭೂಮಿ, ಎಲ್ಲರೂ, ಸುದ್ದಿ, ಬಾಗಿಲು ತೆರೆದಿದೆ ಎಂದು ಹೇಗೋ ಕೈ ಮಾಡಿದೆ. ಅಪ್ಪ ಕೇಳಿದರು.

"ಬಾಗಲಾ ಹಾಕಿದಾವ್ರು ಯಾರಂತ?"

"ಅದನ್ನ ಬರದಿಲ್ಲ," ಎಂದೆ.

ಅವರು ಹೇಳಬೇಕೆಂದಿದ್ದ ಅಂಶ ಅವರಿಗೆ ಮೊದಲೇ ಗೊತ್ತಿತ್ತು. ಆಸ್ಪತ್ರೆಯಲ್ಲಿ, ಫೋನಿನಲ್ಲಿ, ಎಲ್ಲಿ ಮಾತು ಬೇಕೋ ಅಲ್ಲೆಲ್ಲ ಸನ್ನೆಯ ದುಭಾಷಿ ಸಿಗಬೇಕು. ಮನೆಯ ಮಕ್ಕಳನ್ನು ಅದಕ್ಕೆ ಹಚ್ಚಬಾರದು. ಕರಡಿನಲ್ಲಿ ಇದು ಎಲ್ಲೂ ಇರಲಿಲ್ಲ. ಇದೊಂದನ್ನು ಸೇರಿಸದೆ ವಾಪಸ್ಸು ಬರುವುದಿಲ್ಲ ಎಂದರು. ಒಳ್ಳೆಯದು, ನಾನು ಇಂಗ್ಲಿಷಿನಲ್ಲಿ ಚೆನ್ನಾಗಿ ಹೇಳುತ್ತೇನೆ ಎಂದೆ. ಅಪ್ಪ ತಲೆಯಾಡಿಸಿದರು.

"ನೀ ಬ್ಯಾಡ. ಹೊರಗಿನಾವ್ರು ಬರ್ತಾರ. ಸಂಘದಾಗ ಹೇಳೀನಿ."

"ಹೊರಗಿನಾವ್ರಿಗೆ ನಿಮ್ಮ ಕೈ ತಿಳೀತೈತೇನು?"

"ತಿಳದಷ್ಟ ತಿಳೀಲಿ. ನೀ ಬರೀ ಕುಂದರು."

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಇಷ್ಟು ವರ್ಷ ಇವರ ಬಾಯಿಯಾಗಿ ನಾನು ಬೈಸಿಕೊಂಡಿದ್ದೇನೆ, ಚೌಕಾಸಿ ಮಾಡಿದ್ದೇನೆ, ಇವರ ಪರವಾಗಿ ಸತ್ತವರ ಮನೆಯಲ್ಲಿ ಸಂತಾಪ ಹೇಳಿದ್ದೇನೆ. ಈಗ ನಾಲ್ಕು ದೇಶದವರು ಕೂತು ಕೇಳುವಾಗ ನಾನು ಬೇಡ. ಆ ವಾರ ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟೆ. ಅದು ಯಾರಿಗೂ ಕೇಳಲಿಲ್ಲ. ಈ ಮನೆಯಲ್ಲಿ ಮುನಿಸಿಕೊಳ್ಳುವುದು ಎಷ್ಟು ದಂಡ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು.

ಸಭೆಯ ದಿನ ಕ್ಯಾಬಿನಲ್ಲಿ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಕಪ್ಪು ಅಂಗಿ ಹಾಕಿಕೊಂಡಿದ್ದರು. ಕೈ ಎದ್ದು ಕಾಣಬೇಕೆಂದರೆ ಹಿಂದೆ ಬಣ್ಣ ಗಾಢವಾಗಿರಬೇಕು, ಹೂವು ಗೆರೆ ಇರಬಾರದು. ದುಭಾಷಿ ಪುಣೆಯಿಂದ ಬಂದಿದ್ದ ಹೆಣ್ಣುಮಗಳು, ನನಗಿಂತ ಬಹಳ ಚಿಕ್ಕವಳು. ನಾನು ತಪ್ಪು ಹುಡುಕುವ ಕಣ್ಣಿನಿಂದಲೇ ನೋಡಿದೆ. ಅವಳು ಚಹಾದ ಮೇಜಿನ ಹತ್ತಿರ ಅಪ್ಪನ ಎದುರು ಕೂತು, ಇದಕ್ಕೆ ನಿಮ್ಮಲ್ಲಿ ಏನು ಸನ್ನೆ, ಅದಕ್ಕೆ ಏನು ಎಂದು ಕೇಳಿ ಕಲಿತುಕೊಂಡಳು. ಅಪ್ಪ ಮೂಗು ಮುಚ್ಚಿ ಕಾರ್ಖಾನೆಯ ವಿಳಾಸ ಹೇಳಿದಾಗ ಅವಳು ಚಹಾ ಚೆಲ್ಲಿಕೊಳ್ಳುವಷ್ಟು ನಕ್ಕಳು. ಅವಳ ಮೇಲೆ ಸಿಟ್ಟು ಹಿಡಿದಿಟ್ಟುಕೊಳ್ಳುವುದು ಕಷ್ಟವಾಯಿತು. ಆದರೂ ಪ್ರಯತ್ನಪಟ್ಟೆ.

ನನ್ನ ಕುರ್ಚಿ ಮೂರನೆಯ ಸಾಲಿನಲ್ಲಿತ್ತು. ಅಂಥ ಜಾಗದಲ್ಲಿ ಕೂತು ಅಪ್ಪನನ್ನು ನಾನು ಎಂದೂ ನೋಡಿರಲಿಲ್ಲ. ಯಾವಾಗಲೂ ಪಕ್ಕದಲ್ಲಿ, ಅರ್ಧ ಅಪ್ಪನ ಕಡೆಗೆ ಅರ್ಧ ಇನ್ನೊಬ್ಬರ ಕಡೆಗೆ ತಿರುಗಿ ನಿಂತವಳು. ವೇದಿಕೆಯಲ್ಲಿ ಒಬ್ಬೊಬ್ಬರೂ ತಮ್ಮ ಅಂಶ ಹೇಳುತ್ತಿದ್ದರು. ಹಿಂದಿನ ದೊಡ್ಡ ಪರದೆಯಲ್ಲಿ ಒಬ್ಬರು ಅದನ್ನು ಬೆರಳಚ್ಚು ಮಾಡುತ್ತಿದ್ದರು. ಒಬ್ಬರು ದ್ವೀಪಗಳಿಗೆ ಕೇಬಲ್ಲು ಬೇಕು ಎಂದರು. ಇನ್ನೊಬ್ಬರು ಮಾನದಂಡಗಳು ಎಂದು ಹೇಳುತ್ತಲೇ ಇದ್ದರು, ಯಾವುವು ಎಂಬುದು ನನಗೆ ಗೊತ್ತಾಗಲಿಲ್ಲ. ಆಮೇಲೆ ಅಪ್ಪ ಎದ್ದರು. ಮೈಕು ದುಭಾಷಿಯ ಕೈಗೆ ಹೋಯಿತು.

ಅಪ್ಪ ನೇರವಾಗಿ ಮಾತಿಗೆ ಬಂದರು. ದುಭಾಷಿ ಬೇಕು, ಮಕ್ಕಳು ಬೇಡ ಎಂದರು. ಅವಳು ಅದನ್ನು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹೇಳಿದಳು. ಸಭೆ ನಡೆಸುತ್ತಿದ್ದವರು ಮೃದುವಾಗಿ ಆಕ್ಷೇಪಿಸಿದರು: ಇದು ಬಹಳ ಖರ್ಚಿನ ವ್ಯವಸ್ಥೆ, ಬಡ ದೇಶಗಳಲ್ಲಿ ಸದ್ಯಕ್ಕೆ ಕುಟುಂಬದವರ ನೆರವನ್ನೇ ನೆಚ್ಚಿಕೊಂಡರೆ ಆಗದೇ, ಮನೆಯವರಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ. ದುಭಾಷಿ ಅದನ್ನು ಅಪ್ಪನಿಗೆ ಕೈಯಲ್ಲಿ ಹೇಳಿದಳು. ಇಲ್ಲಿಗೆ ಮುಗಿಯಿತು, ಇನ್ನು ಪರದೆಗೆ ಏರುವುದಿಲ್ಲ ಎಂದುಕೊಂಡೆ. ನಾನಾಗಿದ್ದರೆ ನಾಲ್ಕು ಮಾತು ಸೇರಿಸಿ ಜಗಳವಾಡುತ್ತಿದ್ದೆ ಎಂದು ಕೈ ತುರಿಸುತ್ತಿತ್ತು.

ಅಪ್ಪ ಜಗಳವಾಡಲಿಲ್ಲ. ನಿಧಾನವಾಗಿ ಕೈ ಎತ್ತಿದರು. ದುಭಾಷಿಯ ಇಂಗ್ಲಿಷು ನನ್ನ ಕಿವಿಗೆ ಬೀಳುತ್ತಿತ್ತು, ಆದರೆ ನಾನು ನೋಡಿದ್ದು ಕೈಗಳನ್ನು.

"ಖರೇ ಐತ್ರಿ. ನನ್ನ ಮಗಳು ಭಾಳ ಚಂದ ಹೇಳ್ತಾಳ. ನನ್ನ ಹೆಂಡತಿ ದವಾಖಾನ್ಯಾಗಿದ್ದಾಗ, ಆಕಿ ಉಳಿಯಾಂಗಿಲ್ಲಂತ ಡಾಕ್ಟರು ನನ್ನ ಮಗಳಿಗೆ ಹೇಳಿದ್ರು. ನಾವಿಬ್ರೂ ಅಲ್ಲೇ ಕುಂತಿದ್ವಿ, ಡಾಕ್ಟರ ಬಾಯಿ ನೋಡ್ಕೋತ. ನನ್ನ ಮಗಳು ನಮ್ಮ ಕಡಿ ತಿರುಗಿ, ಅವ್ವಗ ಹೇಳಿದ್ಲು, ನನಗ ಹೇಳಿದ್ಲು. ಒಂದೂ ಬಿಡಲಾರದಂಗ ಹೇಳಿದ್ಲು."

ಅಷ್ಟು ಹೇಳಿ ಕೈ ಇಳಿಸಿದರು. ಮತ್ತೆ ಎತ್ತಿದರು.

"ನಾವಿಬ್ರೂ ಅತ್ವಿ. ಆಕಿ ಅಳಲಿಲ್ಲ. ಅತ್ತಿದ್ರ ಕೈ ನಡಗತಿತ್ತು, ನಮಗ ತಿಳೀತಿರಲಿಲ್ಲ. ನನ್ನ ಹೆಂಡತಿ ಇನ್ನೂ ಎಷ್ಟೋ ಕೇಳಿದ್ಲು, ಡಾಕ್ಟರು ಇನ್ನೂ ಎಷ್ಟೋ ಹೇಳಿದ್ರು. ಆಕಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೇಳಿಕೋತ ನಿಂತಿದ್ಲು. ಆಕಿ ಅವ್ವ ಸಾಯಾಕತ್ತಿದ್ಲು ನೋಡ್ರಿ, ಆಕೀಗೇ ಪುರಸೊತ್ತಿರಲಿಲ್ಲ. ಅವತ್ತ ಬ್ಯಾರೆ ಯಾರರ ಬಂದು ನಮ್ಮ ಮೂರೂ ಮಂದಿಗೆ ಹೇಳಿದ್ರ, ಆಕಿನೂ ನಮ್ಮ ಜೋಡಿ ಅಳತಿದ್ಲು. ನಾ ಕೇಳೂದು ಇಷ್ಟರಿ."

ದುಭಾಷಿಯೂ ಒಂದೂ ಬಿಡದೆ ಹೇಳಿ ಮುಗಿಸಿದಳು. ಅವಳು ಕೆಲಸ ಬಲ್ಲವಳು. ಸಭೆ ಒಪ್ಪಿತು, ಪರದೆಯ ಮೇಲೆ ಅಕ್ಷರಗಳು ಮೂಡತೊಡಗಿದವು: ಆಸ್ಪತ್ರೆಗಳಲ್ಲಿ ಮತ್ತು ದೂರವಾಣಿ ಸೇವೆಗಳಲ್ಲಿ ತರಬೇತಾದ ದುಭಾಷಿಗಳು, ಕುಟುಂಬದವರನ್ನು ಅವಲಂಬಿಸದೆ. ನೀವು ಹೇಳಿದ್ದು ಇದೇ ತಾನೇ ಎಂದು ನಡೆಸುತ್ತಿದ್ದವರು ಕೇಳಿದರು. ಅವಳು ಅಪ್ಪನಿಗೆ ಕೈಯಲ್ಲಿ ಕೇಳಿದಳು. ಅಪ್ಪ ಹೌದೆಂದರು. ಅವಳು ಮೈಕಿನಲ್ಲಿ ಹೌದೆಂದಳು. ಯಾರೂ ನನ್ನ ಕಡೆ ತಿರುಗಲಿಲ್ಲ, ನನ್ನ ಕೈಗೂ ಬಾಯಿಗೂ ಏನೂ ಕೆಲಸವಿರಲಿಲ್ಲ. ಮೂರನೆಯ ಸಾಲಿನಲ್ಲಿ ಕೂತಲ್ಲೇ ಅಮ್ಮನಿಗಾಗಿ ಅತ್ತುಬಿಟ್ಟೆ.